ದ್ವೀಪ ಆರಿಸುವ ಮುನ್ನ ಕ್ಯಾಲೆಂಡರ್ ತೆಗೆಯಿರಿ

ಮಾಲ್ದೀವ್ಸ್ ಜಾಹೀರಾತಿನಲ್ಲಿ ಮಳೆ ಸುರಿದದ್ದನ್ನು ಯಾರಾದರೂ ನೋಡಿದ್ದೀರಾ? ಅಲ್ಲಿ ವರ್ಷವಿಡೀ ತಿಳಿನೀಲಿ ನೀರು, ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಕಾಟೇಜು, ಮರಳಿನ ಮೇಲೆ ಬಿಟ್ಟ ಎರಡು ಜೊತೆ ಚಪ್ಪಲಿ. ಅದೇ ಚಿತ್ರ ತೋರಿಸಿ ಜುಲೈ ತಿಂಗಳಿಗೆ ಅರ್ಧ ದರ ಎಂದು ಯಾರಾದರೂ ಹೇಳಿದರೆ, ಉಳಿದರ್ಧ ಯಾಕೆ ಬಿಟ್ಟರು ಎಂದು ಕೇಳಬೇಕು.

ನಮ್ಮಲ್ಲಿ ಬಹಳ ಮಂದಿ ಮೊದಲು ದ್ವೀಪ ನಿಶ್ಚಯಿಸಿ ಆಮೇಲೆ ರಜೆ ಹೊಂದಿಸಲು ಹೊರಡುತ್ತಾರೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಇದು ಆಗುಹೋಗುವ ಮಾತಲ್ಲ. ಸಿಗುವುದು ಬೇಸಿಗೆ ರಜೆ, ದಸರಾ, ಇಲ್ಲವೇ ಡಿಸೆಂಬರ್ ಕೊನೆಯ ವಾರ. ಹಾಗಾಗಿ ಲೆಕ್ಕ ಅಲ್ಲಿಂದಲೇ ಶುರುವಾಗಲಿ.

ಹೆಜ್ಜೆ 1: ನಿಮ್ಮ ರಜೆಯಲ್ಲಿ ಗಾಳಿ ಎತ್ತಲಿಂದ?

ಲಕ್ಷದ್ವೀಪ, ಮಾಲ್ದೀವ್ಸ್, ಅಂಡಮಾನ್ ಮೂರರ ಹವೆಯನ್ನೂ ತೀರ್ಮಾನಿಸುವುದು ನಮ್ಮ ಮಾನ್ಸೂನೇ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಗಾಳಿ ನೈಋತ್ಯದಿಂದ ಬೀಸುತ್ತದೆ, ಕಡಲು ಕೆರಳಿರುತ್ತದೆ. ವರ್ಷದ ಕೊನೆಗೆ ಗಾಳಿ ಈಶಾನ್ಯಕ್ಕೆ ತಿರುಗುತ್ತದೆ. ಮಾಲ್ದೀವ್ಸ್‌ಗೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ ಕಾಲ. ಅಂಡಮಾನ್‌ನಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ನೀರು ಶಾಂತ, ತಳದವರೆಗೂ ತಿಳಿ.

ಬೇಸಿಗೆ ರಜೆಯವರಿಗೆ ಒಂದು ಕಿವಿಮಾತು: ಏಪ್ರಿಲ್ ಬೇರೆ, ಮೇ ಬೇರೆ. ಜೂನ್ 1ರ ಸುಮಾರಿಗೆ ಕೇರಳಕ್ಕೆ ಬರುವ ಮುಂಗಾರಿಗಾಗಿ ನಾವಿಲ್ಲಿ ಕಾಯುತ್ತಿರುವಾಗ, ಅದು ಅಂಡಮಾನ್ ಸಮುದ್ರಕ್ಕೆ ವಾರ ಹತ್ತು ದಿನ ಮೊದಲೇ ಕಾಲಿಟ್ಟಿರುತ್ತದೆ. ‘ಅಂಡಮಾನ್‌ಗೆ ಮುಂಗಾರು ಪ್ರವೇಶ’ ಎಂಬ ಸುದ್ದಿ ಕೇಳಿ ನಮ್ಮ ರೈತರು ಬಿತ್ತನೆ ಬೀಜದ ಯೋಚನೆಗೆ ಬೀಳುವ ಹೊತ್ತಿಗೆ, ಅಲ್ಲಿನ ಪ್ರವಾಸಿಗರು ಫೆರ್ರಿ ಹೊರಡುತ್ತದೋ ಇಲ್ಲವೋ ಎಂದು ಜೆಟ್ಟಿಯಲ್ಲಿ ಕೂತಿರುತ್ತಾರೆ. ಬೇಸಿಗೆಯಲ್ಲೇ ಹೋಗುವುದಾದರೆ ಏಪ್ರಿಲ್‌ನಲ್ಲಿ, ತಪ್ಪಿದರೆ ಮೇ ಮೊದಲ ವಾರದಲ್ಲಿ ಮುಗಿಸಿಕೊಳ್ಳಿ. ಸೆಕೆ ಇರುತ್ತದೆ, ನಿಜ. ಆದರೆ ಕಡಲಿಗೆ ಇಳಿಯಲು ಹೋದವರಿಗೆ ಸೆಕೆ ಯಾವ ಲೆಕ್ಕ?

ದಸರಾ ರಜೆ ತುಸು ಕಷ್ಟದ್ದು. ಅಂಡಮಾನ್‌ನಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳ ಕಾಲ ಬೇರೆ. ಆ ಹೊತ್ತಿಗೆ ಸಮಭಾಜಕದ ಆಚೆ ನೋಡುವುದು ಜಾಣತನ. ಮಾರಿಷಸ್‌ನಲ್ಲಿ ಅಕ್ಟೋಬರ್ ಎಂದರೆ ಚಳಿ ಕಳೆದು ಬಿಸಿಲು ಏರುವ ಮುಂಚಿನ ಒಣ ತಿಂಗಳು. ಬಾಲಿಯಲ್ಲೂ ಮಳೆಗಾಲ ಇನ್ನೂ ಹಿಡಿದಿರುವುದಿಲ್ಲ. ಡಿಸೆಂಬರ್‌ಗೆ ಇದು ಮಗುಚುತ್ತದೆ: ಮಾರಿಷಸ್‌ಗೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಋತು, ಬಾಲಿಗೆ ಮಳೆಗಾಲ. ಆಗ ಸಮಭಾಜಕದ ಈಚೆಗೇ ಬನ್ನಿ. ಕ್ರಿಸ್‌ಮಸ್ ವಾರದ ದರ ಮಾತ್ರ ಕೇಳಬೇಡಿ.

ಹೆಜ್ಜೆ 2: ಒಂದೇ ದ್ವೀಪ, ಯಾವ ದಡ?

‘ಡಿಸೆಂಬರ್‌ನಲ್ಲಿ ಶ್ರೀಲಂಕಾ ಚೆನ್ನಾಗಿರುತ್ತದೆಯೇ?’ ಎಂಬ ಪ್ರಶ್ನೆಗೆ ಉತ್ತರ: ಯಾವ ಶ್ರೀಲಂಕಾ? ಬೆಂಟೋಟ, ಹಿಕ್ಕಡುವ, ಉನವಟುನ, ಮಿರಿಸ್ಸ ಇರುವ ಪಶ್ಚಿಮ ಮತ್ತು ದಕ್ಷಿಣ ದಡಕ್ಕೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಅದೇ ಡಿಸೆಂಬರ್‌ನಲ್ಲಿ ಪೂರ್ವ ದಡದ ತ್ರಿಕೋನಮಲೈ, ನಿಲಾವೇಲಿಯಲ್ಲಿ ಹಿಂಗಾರು ಮಳೆ ಜೋರು. ಆ ಕಡೆಗೆ ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಹೋಗಬೇಕು. ಬೇಸಿಗೆ ರಜೆಯ ಕೊನೆಗೆ ಬೇರೆಲ್ಲ ಕಡೆ ಕಡಲು ಕೆಟ್ಟಾಗ ನಿಲಾವೇಲಿ ಶಾಂತವಾಗಿರುತ್ತದೆ. ನಮ್ಮವರು ಇದನ್ನು ಗಮನಿಸಿದಂತಿಲ್ಲ.

ಥಾಯ್ಲೆಂಡ್‌ನದೂ ಇದೇ ಕಥೆ. ಅಂಡಮಾನ್ ಸಮುದ್ರದ ಫುಕೆಟ್‌ಗೆ ನವೆಂಬರ್‌ನಿಂದ ಏಪ್ರಿಲ್; ಥಾಯ್ಲೆಂಡ್ ಕೊಲ್ಲಿಯ ಕಡೆಯ ಕೊ ಸಮುಯಿಯಲ್ಲಿ ಅದೇ ನವೆಂಬರ್ ವರ್ಷದ ಅತಿ ಹೆಚ್ಚು ಮಳೆಯ ತಿಂಗಳು. ಮಾರಿಷಸ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದ ಗಾಳಿ ಪೂರ್ವ ದಡಕ್ಕೆ ರಾಚುತ್ತದೆ, ಪಶ್ಚಿಮದ ಫ್ಲಿಕ್ ಎನ್ ಫ್ಲಾಕ್ ಬೆಚ್ಚಗಿರುತ್ತದೆ.

ಹೆಜ್ಜೆ 3: ನೀರಿನ ಅಡಿಯಲ್ಲಿ ಏನಿದೆ?

ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ ಎನ್ನುತ್ತಾರೆ. ದ್ವೀಪಕ್ಕೆ ಹೋಗಿಯೂ ನೀರಿಗೆ ಇಳಿಯಲಾಗದೆ ವಾಪಸಾದವರು ಬೇಕಾದಷ್ಟಿದ್ದಾರೆ. ಕಾರಣ, ಉಷ್ಣವಲಯದ ದ್ವೀಪಗಳಲ್ಲಿ ಎರಡು ಜಾತಿ ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ.

ಒಂದು, ಬೆಟ್ಟದ ದ್ವೀಪ. ಅಂಡಮಾನ್, ಬಾಲಿ, ಮಾರಿಷಸ್ ಈ ಬಗೆಯವು. ಕಾಡು, ಊರು, ರಸ್ತೆ, ಇತಿಹಾಸ ಎಲ್ಲ ಇರುವುದರಿಂದ ಮಳೆ ಬಂದರೂ ನೋಡಲು ಏನಾದರೂ ಉಳಿದಿರುತ್ತದೆ. ಇನ್ನೊಂದು, ಹವಳದ ದ್ವೀಪ. ಮುಳುಗುತ್ತಿರುವ ಜ್ವಾಲಾಮುಖಿಯ ಸುತ್ತ ಹವಳ ಬೆಳೆಯುತ್ತ ಹೋಗಿ ಕೊನೆಗೆ ಬೆಟ್ಟ ಮರೆಯಾಗಿ ಉಂಗುರವಷ್ಟೇ ಉಳಿಯುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ವಿವರಿಸಿದ್ದ. ಲಕ್ಷದ್ವೀಪ, ಮಾಲ್ದೀವ್ಸ್ ಎರಡೂ ಇಂಥ ಉಂಗುರಗಳು. ಉಂಗುರದ ಒಳಗಿನ ನೀರೇ ಲಗೂನ್: ಆಳ ಕಡಿಮೆ, ಅಲೆ ಇಲ್ಲವೇ ಇಲ್ಲ ಎನ್ನಬಹುದು. ಈಜು ಬಾರದವರಿಗೆ, ಚಿಕ್ಕ ಮಕ್ಕಳಿಗೆ, ಕಡಲೆಂದರೆ ಹೆದರುವ ಅಜ್ಜಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಅಲ್ಲಿ ನೀರು ಬಿಟ್ಟರೆ ನೀರೇ. ಮೂರನೇ ದಿನಕ್ಕೆ ‘ಇನ್ನೇನು ನೋಡೋದಿದೆ?’ ಎನ್ನುವವರು ಮನೆಯಲ್ಲಿದ್ದರೆ ಅವರನ್ನು ಅಂಡಮಾನ್‌ಗೆ ಕರೆದೊಯ್ಯಿರಿ.

ಲಕ್ಷದ್ವೀಪದ ಅಗತ್ತಿ, ಕವರತ್ತಿ, ಕಡಮತ್‌ಗಳಲ್ಲಿ ಲಗೂನ್ ಇರುವುದು ಪಶ್ಚಿಮಕ್ಕೆ. ಪೂರ್ವದ ದಡದಲ್ಲಿ ಹವಳದ ಕಲ್ಲು, ಅದರಾಚೆ ತೆರೆದ ಕಡಲು. ಉಳಿಯುವ ಜಾಗ ಯಾವ ಕಡೆಗಿದೆ ಎಂದು ಬುಕಿಂಗ್‌ಗೆ ಮೊದಲೇ ಕೇಳಿ. ಮಾಲ್ದೀವ್ಸ್‌ನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಹವಳದ ಅಂಚು ದಡದಿಂದ ಎಷ್ಟು ದೂರ? ಹತ್ತಿರವಿದ್ದರೆ ಮಾಸ್ಕ್ ಹಾಕಿಕೊಂಡು ನೀವೇ ಹೋಗಿ ಮೀನು ನೋಡಿ ಬರಬಹುದು. ದೂರವಿದ್ದರೆ ಪ್ರತಿ ಸಲವೂ ದೋಣಿಗೆ ದುಡ್ಡು. ಗೂಗಲ್ ಮ್ಯಾಪ್‌ನಲ್ಲಿ ಉಪಗ್ರಹ ಚಿತ್ರ ತೆರೆದು ನೋಡಿ. ತಿಳಿಹಸಿರು ಬಣ್ಣ ಮರಳಿನ ಲಗೂನ್, ಕಂದು ಮಚ್ಚೆಗಳು ಹವಳ ಇಲ್ಲವೇ ಕಡಲ ಹುಲ್ಲು, ಏಕಾಏಕಿ ಕಡುನೀಲಿಗೆ ತಿರುಗುವ ಗೆರೆಯೇ ಹವಳದ ಅಂಚು. ರೆಸಾರ್ಟಿನ ಡ್ರೋನ್ ಫೋಟೊ ಹೇಳದ್ದನ್ನೆಲ್ಲ ಈ ಚಿತ್ರ ಹೇಳುತ್ತದೆ.

ಅಂಡಮಾನ್‌ನಲ್ಲಿ ಬಣ್ಣಕ್ಕಿಂತ ಹೊತ್ತು ಮುಖ್ಯ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಅಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು ಎರಡು ಮೀಟರ್ ವ್ಯತ್ಯಾಸ. ಶಹೀದ್ ದ್ವೀಪದ, ಅಂದರೆ ಹಳೆಯ ನೀಲ್ ಐಲ್ಯಾಂಡಿನ, ಕಲ್ಲಿನ ಸಹಜ ಸೇತುವೆಯ ಬಳಿಗೆ ಇಳಿತದಲ್ಲಿ ಮಾತ್ರ ನಡೆದು ಹೋಗಬಹುದು. ನೀರು ಹಿಂದೆ ಸರಿದಾಗ ಬಂಡೆಯ ಗುಳಿಗಳಲ್ಲಿ ಮೊಣಕಾಲು ಮುಳುಗದಷ್ಟು ನೀರು ನಿಂತಿರುತ್ತದೆ. ಅದರೊಳಗೆ ಸಮುದ್ರ ಸೌತೆ ಎಂಬ, ಸೌತೆಕಾಯಿಯಾಕಾರದ ಕಪ್ಪು ಜೀವಿಗಳು ಬಿದ್ದುಕೊಂಡಿರುತ್ತವೆ, ಏಡಿಗಳು ಅಡ್ಡಡ್ಡ ಓಡುತ್ತವೆ. ಹಸಿರು ಪಾಚಿಯ ಮೇಲೆ ಹವಾಯಿ ಚಪ್ಪಲಿ ನಿಲ್ಲುವುದಿಲ್ಲ. ಹಿಂಬದಿ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಬೇಕು. ಉಬ್ಬರದಲ್ಲಿ ಬಂದವರಿಗೆ ಇದಾವುದೂ ಕಾಣುವುದಿಲ್ಲ. ಹಾಗೆಯೇ ಇಳಿತದ ಹೊತ್ತಿಗೆ ಈಜಲು ಹೋದವರ ಕಾಲಿಗೆ ಸಿಗುವುದು ಕಲ್ಲೇ. ಉಬ್ಬರವಿಳಿತದ ವೇಳಾಪಟ್ಟಿ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹಗಲಿನ ಇಳಿತ ಯಾವ ಹೊತ್ತಿಗೆ ಎಂದು ನೋಡಿಕೊಂಡೇ ಆ ದ್ವೀಪದ ದಿನ ನಿಗದಿ ಮಾಡಿ.

ಇನ್ನೊಂದು ವಿಷಯ. ಅಂಡಮಾನ್ ನಮಗಿಂತ ಬಹಳ ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಅಲ್ಲಿ ಸೂರ್ಯ ಮುಳುಗಿರುತ್ತಾನೆ. ಸ್ವರಾಜ್ ದ್ವೀಪದ, ಅಂದರೆ ಹಳೆಯ ಹ್ಯಾವ್‌ಲಾಕ್‌ನ, ರಾಧಾನಗರ ಬೀಚಿನ ಸೂರ್ಯಾಸ್ತಕ್ಕೆಂದು ಆರಕ್ಕೆ ಹೊರಟರೆ ಸಿಗುವುದು ಕತ್ತಲೆ. ನಸುಕಿಗೇ ಎದ್ದು ಕೆಲಸ ಮುಗಿಸುವವರಿಗೆ ಹೇಳಿ ಮಾಡಿಸಿದ ಊರು. ಮ್ಯಾಂಗ್ರೋವ್ ಹಿನ್ನೀರಿನ ಕಡೆ ಮೊಸಳೆಯ ಎಚ್ಚರಿಕೆ ಫಲಕ ಕಂಡರೆ ಫೋಟೊ ತೆಗೆಯಿರಿ, ನೀರಿಗೆ ಇಳಿಯಬೇಡಿ.

ಹೆಜ್ಜೆ 4: ವಿಮಾನ ಇಳಿದ ಮೇಲಿನ ದಾರಿ

ಬೆಂಗಳೂರಿನಿಂದ ಮಾಲ್ದೀವ್ಸ್ ರಾಜಧಾನಿ ಮಾಲೆಗೆ ಎರಡು ಗಂಟೆ ಚಿಲ್ಲರೆ ಎಂದು ಖುಷಿಪಡುವ ಮೊದಲು, ಮಾಲೆಯಿಂದ ರೆಸಾರ್ಟಿಗೆ ಹೇಗೆ ಎಂದು ನೋಡಿ. ಹತ್ತಿರದ ದ್ವೀಪವಾದರೆ ಸ್ಪೀಡ್‌ಬೋಟ್. ದೂರದ್ದಾದರೆ ಸೀಪ್ಲೇನ್, ಅದು ಹಗಲಿನಲ್ಲಿ ಮಾತ್ರ ಹಾರುತ್ತದೆ. ನಿಮ್ಮ ವಿಮಾನ ಸಂಜೆ ಇಳಿಯುವುದಾದರೆ ಆ ರಾತ್ರಿ ಮಾಲೆಯ ಹೋಟೆಲಿನಲ್ಲೇ. ಅತ್ತ ರೆಸಾರ್ಟಿನ ಮೊದಲ ರಾತ್ರಿಗೂ ದುಡ್ಡು ಕಟ್ಟಿದ್ದರೆ ಅದು ನೀರಿಗೆ ಹಾಕಿದಂತೆ. ಈ ಒಂದು ವಿವರವನ್ನು ಏಜೆಂಟರು ತಾವಾಗಿ ಹೇಳುವುದು ಅಪರೂಪ.

ಅಂಡಮಾನ್‌ನಲ್ಲಿ ವಿಮಾನ ಇಳಿಯುವುದು ಪೋರ್ಟ್ ಬ್ಲೇರ್‌ನಲ್ಲಿ. 2024ರ ಸೆಪ್ಟೆಂಬರ್‌ನಿಂದ ಅದರ ಹೆಸರು ಶ್ರೀ ವಿಜಯಪುರಂ. ಹ್ಯಾವ್‌ಲಾಕ್ 2018ರಲ್ಲೇ ಸ್ವರಾಜ್ ದ್ವೀಪವಾಗಿದೆ. ಬುಕಿಂಗ್ ಮಾಡುವಾಗ ಎರಡೂ ಹೆಸರು ಹಾಕಿ ಹುಡುಕಿ. ಅಲ್ಲಿಂದ ಮುಂದೆ ಫೆರ್ರಿ. ಖಾಸಗಿಯದು ಬೇಗ ಹೋಗುತ್ತದೆ, ಸರ್ಕಾರಿಯದು ಅಗ್ಗ. ಎರಡೂ ಹವಾಮಾನಕ್ಕೆ ತಲೆಬಾಗುವವೇ. ಹಾಗಾಗಿ ವಾಪಸ್ ಹೊರಡುವ ಹಿಂದಿನ ರಾತ್ರಿ ಹೊರದ್ವೀಪದಲ್ಲಿ ಉಳಿಯಬೇಡಿ. ಇದರಲ್ಲಿ ರಾಜಿಯೇ ಇಲ್ಲ. ಸ್ಕೂಬಾ ಮಾಡಿದವರಿಗೆ ಇನ್ನೊಂದು ಕಾರಣವೂ ಇದೆ: ಕೊನೆಯ ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತುವಂತಿಲ್ಲ. ನೀರಿನ ಒತ್ತಡದಲ್ಲಿ ಮೈಯೊಳಗೆ ಕರಗಿದ ನೈಟ್ರೋಜನ್, ವಿಮಾನದ ಕಡಿಮೆ ಒತ್ತಡದಲ್ಲಿ ಗುಳ್ಳೆಯಾಗಿ ಎದ್ದರೆ ಪ್ರಾಣಕ್ಕೇ ಸಂಚಕಾರ.

ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಪರವಾನಗಿ ಕೈಗೆ ಬರುವ ಮೊದಲು ಮರಳಿ ಹಣ ಸಿಗದ ಟಿಕೆಟ್ ಕೊಳ್ಳಬೇಡಿ. ವಿಮಾನ ಇಳಿಯುವುದು ಅಗತ್ತಿಯಲ್ಲಿ. ರನ್‌ವೇ ಚಿಕ್ಕದಾದ್ದರಿಂದ ಎಟಿಆರ್‌ನಂಥ ಸಣ್ಣ ವಿಮಾನಗಳಿಗಷ್ಟೇ ಜಾಗ. ಸೀಟು ಬೇಗ ಮುಗಿಯುತ್ತವೆ. ಬೆಂಗಳೂರಿನಿಂದ ನೇರ ವಿಮಾನ 2024ರ ಮಾರ್ಚ್ ಕೊನೆಗೆ ಶುರುವಾಯಿತು, ನೀವು ಹೋಗುವ ತಿಂಗಳಲ್ಲಿ ಅದು ಇದೆಯೇ ಎಂದು ನೋಡಿಕೊಳ್ಳಿ. ಹಡಗು ಹೊರಡುವುದು ಕೊಚ್ಚಿಯಿಂದ, ಒಂದು ರಾತ್ರಿಯ ಪಯಣ. ಅಂದಹಾಗೆ ಕಡಮತ್ ಸೇರಿದಂತೆ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇಂದಿಗೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಮರದ ಸರಕು ಹಡಗುಗಳು ಅಲ್ಲಿಗೆ ಸಾಮಾನು ಹೊತ್ತು ಹೋಗುತ್ತವೆ.

ಹೆಜ್ಜೆ 5: ದರಪಟ್ಟಿಯ ಸಣ್ಣ ಅಕ್ಷರ

ಮಾಲ್ದೀವ್ಸ್‌ನ ದರದ ಮುಂದೆ ಎರಡು ಪ್ಲಸ್ ಗುರುತಿದ್ದರೆ ಸೇವಾ ಶುಲ್ಕ, ತೆರಿಗೆ ಎರಡೂ ಬೇರೆ ಎಂದರ್ಥ. ಸೇವಾ ಶುಲ್ಕ ಸಾಮಾನ್ಯವಾಗಿ ಶೇ 10. ಪ್ರವಾಸೋದ್ಯಮದ ಜಿಎಸ್‌ಟಿ 2025ರ ಜುಲೈನಿಂದ ಶೇ 17. ಇದರ ಮೇಲೆ ಹಸಿರು ತೆರಿಗೆ: 2025ರಿಂದ ರೆಸಾರ್ಟಿನಲ್ಲಿ ತಲೆಗೆ ದಿನಕ್ಕೆ 12 ಡಾಲರ್. ನಾಲ್ವರು ನಾಲ್ಕು ರಾತ್ರಿ ಉಳಿದರೆ ಬರೀ ಇದೇ 192 ಡಾಲರ್. ಸೀಪ್ಲೇನ್ ದರವೂ ತಲೆ ಲೆಕ್ಕವೇ. ಸುತ್ತ ನೀರಿರುವ ರೆಸಾರ್ಟಿನಲ್ಲಿ ಎದುರುಗಡೆ ದರ್ಶಿನಿ ಇರುವುದಿಲ್ಲವಾದ್ದರಿಂದ ಮೂರು ಹೊತ್ತಿನ ಊಟವನ್ನೂ ಸೇರಿಸಿಯೇ ದರ ಹೋಲಿಸಿ.

ಕೈಗೆಟಕುವ ದಾರಿ ಇಲ್ಲದಿಲ್ಲ. ಮಾಫುಶಿ, ತುಲುಸ್‌ಧೂ, ಧಿಗುರದಂಥ ಜನವಸತಿಯ ದ್ವೀಪಗಳಲ್ಲಿ ಗೆಸ್ಟ್‌ಹೌಸ್‌ಗಳಿವೆ. ಸಣ್ಣ ಗೆಸ್ಟ್‌ಹೌಸ್‌ನಲ್ಲಿ ಹಸಿರು ತೆರಿಗೆ ಅರ್ಧ, ಅಂದರೆ 6 ಡಾಲರ್. ಮದ್ಯ ಸಿಗುವುದಿಲ್ಲ. ಈಜುಡುಗೆಗೆ ಪ್ರತ್ಯೇಕ ಬೀಚು ಇರುತ್ತದೆ, ಊರೊಳಗೆ ಮೈಮುಚ್ಚುವ ಬಟ್ಟೆ ಹಾಕಬೇಕು. ನನ್ನನ್ನು ಕೇಳಿದರೆ ಮಾಲ್ದೀವ್ಸ್ ಜನರ ಮುಖ ಕಾಣುವುದೇ ಇಲ್ಲಿ.

ಹೆಜ್ಜೆ 6: ಜೊತೆಗೆ ಬರುವವರು ಯಾರು?

ಶುದ್ಧ ಸಸ್ಯಾಹಾರಿಗಳು ಮೊದಲೇ ವಿಚಾರಿಸಿ. ಮಾಲ್ದೀವ್ಸ್‌ನ ಬೆಳಗಿನ ತಿಂಡಿ ಮಾಸ್ ಹುನಿಯಲ್ಲಿ ತೆಂಗಿನ ತುರಿಯೊಂದಿಗೆ ಮೀನು. ಶ್ರೀಲಂಕಾದಲ್ಲಿ ನಿರಪಾಯ ಎನಿಸುವ ತೆಂಗಿನಕಾಯಿ ಸಂಬೋಲದಲ್ಲೂ ಒಣಮೀನಿನ ಚೂರು ಇರುವುದುಂಟು. ಬಾಲಿಯಲ್ಲಿ ಸಿಗಡಿಯ ಪೇಸ್ಟ್ ಎಲ್ಲೆಲ್ಲೂ ನುಸುಳುತ್ತದೆ. ಮಾರಿಷಸ್ ಮಾತ್ರ ಸಲೀಸು. ಅಲ್ಲಿನ ಬೀದಿಬದಿಯ ದಾಲ್ ಪುರಿ ಎಂದರೆ ಬೇಳೆಯ ಹೂರಣ ತುಂಬಿದ ಖಾರದ ಹೋಳಿಗೆ ಇದ್ದಂತೆ.

ಹೃದಯದ ತೊಂದರೆ, ಡಯಾಲಿಸಿಸ್ ಇರುವ ಹಿರಿಯರಿದ್ದರೆ ದೊಡ್ಡಾಸ್ಪತ್ರೆಯಿರುವ ದ್ವೀಪವನ್ನೇ ಆರಿಸಿ. ಲಕ್ಷದ್ವೀಪದಲ್ಲಿ ಗಂಭೀರ ಸ್ಥಿತಿಯವರನ್ನು ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸಬೇಕಾಗುತ್ತದೆ, ಅದೂ ಹವೆ ಬಿಟ್ಟುಕೊಟ್ಟರೆ.

ಮನೆಯವರಲ್ಲಿ ಯಾರಿಗೆ ದೋಣಿಯಲ್ಲಿ ವಾಂತಿಯಾಗುತ್ತದೆ, ಯಾರಿಗೆ ಮಾಸ್ಕ್ ಹಾಕಿದರೆ ಉಸಿರು ಕಟ್ಟುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಲಕ್ಷಗಟ್ಟಲೆ ಸುರಿಯುವ ಮೊದಲು ಒಂದು ವಾರಾಂತ್ಯ ಮುರುಡೇಶ್ವರಕ್ಕೆ ಹೋಗಿ ಬನ್ನಿ. ಅಲ್ಲಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಬಳಿ, ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ, ಈಜು ಬಾರದವರನ್ನೂ ತರಬೇತುದಾರರು ಕೈಹಿಡಿದು ನೀರಿಗಿಳಿಸುತ್ತಾರೆ. ಅಷ್ಟು ದೂರ ಬೇಡವೆಂದರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹತ್ತಿ. ಹೋಗುವಾಗ ಹೊಟ್ಟೆ ತುಂಬ ಬನ್ಸ್ ತಿನ್ನಬೇಡಿ.