ವಾರ್ಡಿನಲ್ಲಿ ವ್ಯಕ್ತಿತ್ವ ಪರೀಕ್ಷೆ: ನನ್ನ ಅನುಭವ

ಬೈಪಾಸ್ ಶಸ್ತ್ರಚಿಕಿತ್ಸೆಯಾದವರ ಚೇತರಿಕೆಗೆ ವ್ಯಕ್ತಿತ್ವ ಪರೀಕ್ಷೆಯಿಂದ ಏನೂ ಪ್ರಯೋಜನವಿಲ್ಲವೆಂದು ನಮ್ಮ ಶಸ್ತ್ರವೈದ್ಯರು ಬಹಳ ಕಾಲ ವಾದಿಸಿದರು. ಈಗ ಅವರೇ ರೌಂಡ್ಸ್ ವೇಳೆಯಲ್ಲಿ ಕೇಸ್ ಶೀಟ್ ತೆರೆದು ಪರೀಕ್ಷೆಯ ಫಲಿತಾಂಶವಿರುವ ನನ್ನ ಪುಟವನ್ನು ಹುಡುಕುತ್ತಾರೆ. ಇದೇ ಕೆಲಸದಲ್ಲಿರುವವರಿಗೆ ನಮ್ಮ ವಿಧಾನ ನೆರವಾಗಬಹುದೆಂದು ಬರೆಯುತ್ತಿದ್ದೇನೆ.

ಆರಂಭದಲ್ಲಿ ಎಂಎಂಪಿಐ-2 ಎಂಬ, ಹೌದು-ಅಲ್ಲ ಎಂದು ಉತ್ತರಿಸುವ ಉದ್ದನೆಯ ವ್ಯಕ್ತಿತ್ವ ಪ್ರಶ್ನಾವಳಿಯನ್ನು ಬಳಸಿದೆವು. ಎದೆಗೂಡಿನ ಹೊಲಿಗೆ ಇನ್ನೂ ಮಾಯದ ರೋಗಿಗೆ 567 ಹೇಳಿಕೆಗಳು ಹೊರಲಾರದ ಹೊರೆ. ಬಲಗೈಯಲ್ಲಿ ಡ್ರಿಪ್ ಸೂಜಿ ಇದ್ದವರು ಎಡಗೈಯಲ್ಲಿ ಗುರುತು ಹಾಕುತ್ತ ಹಾಕುತ್ತ ನಿದ್ದೆಗೆ ಜಾರುತ್ತಿದ್ದರು. ಅದಕ್ಕಿಂತ ದೊಡ್ಡ ತೊಡಕು ಅದರ ಮೊದಲ ಮೂರು ಮಾನಕಗಳದ್ದು, ಅಂದರೆ ಒಂದೊಂದು ಲಕ್ಷಣವನ್ನು ಅಳೆಯುವ ಹೇಳಿಕೆಗಳ ಗುಂಪುಗಳದ್ದು: ದಣಿವು, ನಿದ್ದೆಗೇಡು, ನೋವುಗಳ ಬಗ್ಗೆ ರೋಗಿ ನಿಜ ಹೇಳಿದಷ್ಟೂ ಅಲ್ಲಿ ಅಂಕ ಏರುತ್ತದೆ, ಕಾಯಿಲೆಯನ್ನೇ ಸ್ವಭಾವವೆಂದು ಅಳೆದಂತಾಗುತ್ತದೆ. ಪ್ರತಿಯೊಂದು ಉತ್ತರಪತ್ರಿಕೆಗೂ ಶುಲ್ಕ ತೆರಬೇಕಾದ್ದರಿಂದ ಅರ್ಧಕ್ಕೆ ನಿಂತವೂ ಖರ್ಚಿನ ಬಾಬತ್ತಿಗೇ ಸೇರಿದವು. ವರ್ಷದ ಅನುದಾನದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಹೀಗೆ ಕರಗಿದಾಗ ಆಡಳಿತದವರು ಉಳಿದದ್ದನ್ನೂ ತಡೆಹಿಡಿದರು.

ಕೈಯಲ್ಲಿ ಹಣವಿಲ್ಲದ ಆ ಸ್ಥಿತಿಯೇ ಸರಿಯಾದ ದಾರಿಯನ್ನು ತೋರಿಸಿತು. ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದಾದ ಐಪಿಐಪಿ ಎಂಬ ವ್ಯಕ್ತಿತ್ವ ಹೇಳಿಕೆಗಳ ಭಂಡಾರದಿಂದ ಆತಂಕ ಪ್ರವೃತ್ತಿ ಮತ್ತು ಶಿಸ್ತಿಗೆ ಸಂಬಂಧಿಸಿದ ಸುಮಾರು 30 ಹೇಳಿಕೆಗಳನ್ನು ಆರಿಸಿಕೊಂಡೆ. ದೇಹಕ್ಕೆ ಸಂಬಂಧಿಸಿದ್ದನ್ನೆಲ್ಲ ಕೈಬಿಟ್ಟೆ. ದೈಹಿಕ ಲಕ್ಷಣಗಳನ್ನು ಬೇಕೆಂದೇ ದೂರವಿಟ್ಟು 1983ರಲ್ಲಿ ರೂಪಿಸಿದ 14 ಪ್ರಶ್ನೆಗಳ ಹ್ಯಾಡ್ಸ್ ಎಂಬ, ಆತಂಕ ಮತ್ತು ಖಿನ್ನತೆಯನ್ನು ಅಳೆಯುವ ಪ್ರಶ್ನಾವಳಿ ಜೊತೆಗಿತ್ತು. ಶುಲ್ಕ ಬಿದ್ದದ್ದು ಅದಕ್ಕೆ ಮಾತ್ರ. ದಾಖಲಾದ ದಿನ ಪರೀಕ್ಷೆ ಮಾಡಲೇಬಾರದು. ನೋವು ಇಳಿದು, ರೋಗಿ ಯಾರ ಆಸರೆಯೂ ಇಲ್ಲದೆ ಶೌಚಾಲಯಕ್ಕೆ ಹೋಗಿಬರುವಂತಾದ ಮೇಲೆ ಮೊದಲ ಸಲ, ಸುಮಾರು ಆರು ವಾರಗಳ ನಂತರದ ತಪಾಸಣೆಯಲ್ಲಿ ಎರಡನೆಯ ಸಲ ಮಾಡುತ್ತೇನೆ.

ಅಂಕ ಬಂದ ಮೇಲಿನ ಕೆಲಸವೇ ಮುಖ್ಯ. ಆತಂಕ ಹೆಚ್ಚಿದ್ದವರಿಗೆ ಯಾವ ನೋವು ಸಹಜ, ಯಾವುದಕ್ಕೆ ತಕ್ಷಣ ಬರಬೇಕು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದುಕೊಟ್ಟೆವು. ಶಿಸ್ತಿನ ಅಂಕ ಕಡಿಮೆ ಇದ್ದವರ ಮಾತ್ರೆಗಳನ್ನು ಅವರು ದಿನವೂ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಜೋಡಿಸಿದೆವು. ಅತಿ ಶಿಸ್ತಿನವರಿಗೆ ನಡಿಗೆಯ ಗರಿಷ್ಠ ಮಿತಿಯನ್ನೇ ಹೇಳಬೇಕಾಯಿತು, ಏಕೆಂದರೆ ಅವರು ಹೇಳಿದ್ದಕ್ಕಿಂತ ಹೆಚ್ಚು ನಡೆದು ಸುಸ್ತಾಗುತ್ತಿದ್ದರು. ನೂರಕ್ಕೂ ಹೆಚ್ಚು ರೋಗಿಗಳನ್ನು ಕಂಡ ಮೇಲೆ ಹಳೆಯ ದಾಖಲೆಗಳೊಂದಿಗೆ ಹೋಲಿಸಿದೆ. ತಪ್ಪಿದ ಮಾತ್ರೆಗಳು ಬಹುತೇಕ ಅರ್ಧಕ್ಕಿಳಿದಿದ್ದವು, ಆರು ನಿಮಿಷದ ನಡಿಗೆ ಪರೀಕ್ಷೆಯ ದೂರವೂ ಹೆಚ್ಚಿತ್ತು. ಫಿಸಿಯೋಥೆರಪಿ ವಿಭಾಗದವರೇ ಬಂದು ಹಾಳೆಯ ಪ್ರತಿ ಕೇಳಿದ್ದು ನನಗೆ ಹೆಮ್ಮೆಯ ಸಂಗತಿ.

ನಡುವೆ, ಅದೇ ಹೇಳಿಕೆಗಳನ್ನು ರೋಗಿಯ ಬಗ್ಗೆ ಮನೆಯವರಿಂದಲೂ ತುಂಬಿಸಿ ನೋಡಿದೆ. ಶಿಸ್ತಿನ ವಿಷಯದಲ್ಲಿ ಮನೆಯವರ ಅಂಕವೇ ಮಾತ್ರೆಯ ಲೆಕ್ಕಕ್ಕೆ ಹೆಚ್ಚು ಹೊಂದಿತು. ಆತಂಕದ ವಿಷಯದಲ್ಲಿ ಅವರು ತಮ್ಮ ಭಯವನ್ನೇ ತುಂಬಿದ್ದರು. ನರ್ಸ್ ಗಟ್ಟಿಯಾಗಿ ಓದಿ ಉತ್ತರ ಬರೆದುಕೊಂಡಾಗ ಎಲ್ಲರೂ ಧೈರ್ಯಶಾಲಿಗಳಾಗಿಬಿಡುತ್ತಿದ್ದರು. ಆದ್ದರಿಂದ ರೋಗಿಯು ಬಾಯಲ್ಲಿ ಹೇಳದೆ, ಉತ್ತರ ಬರೆದಿರುವ ಕಾರ್ಡನ್ನು ತೋರಿಸಿ ಉತ್ತರಿಸುವ ಕ್ರಮಕ್ಕೆ ಬಂದೆವು. ಎಲ್ಲದಕ್ಕೂ ಚೆನ್ನಾಗಿದ್ದೇನೆ ಎನ್ನುವವರನ್ನು ಗುರುತಿಸಲು ಎರಡು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇನೆ. ಅವು ವಾರ್ಡಿನಲ್ಲಿ ಹರಡಿದರೆ ಕೆಲಸಕ್ಕೆ ಬಾರವಾದ್ದರಿಂದ ಇಲ್ಲಿ ಬರೆಯುತ್ತಿಲ್ಲ.