ಇನ್‌ಫ್ರಾರೆಡ್ ಮೈಕ್ರೋಸ್ಕೋಪಿನಲ್ಲಿ ಚರ್ಮದ ತಡೆಗೋಡೆ ನೋಡುವುದು ಹೇಗೆ

ಹಂದಿ ಕಿವಿಯ ಚರ್ಮದಿಂದ ಶುರು ಮಾಡಿ, ಅದು ನಮ್ಮ ಚರ್ಮಕ್ಕೆ ಸಾಕಷ್ಟು ಹತ್ತಿರ. ಫ್ರೀಜ್ ಮಾಡಿ, ಕ್ರಯೋಮೈಕ್ರೋಟೋಮ್‌ನಲ್ಲಿ (ಹೆಪ್ಪುಗಟ್ಟಿದ ತುಂಡನ್ನು ತೆಳ್ಳಗೆ ಕತ್ತರಿಸುವ ಯಂತ್ರ) 5ರಿಂದ 10 ಮೈಕ್ರಾನ್ ದಪ್ಪಕ್ಕೆ ಕತ್ತರಿಸಿ. ದಯವಿಟ್ಟು ಚರ್ಮವನ್ನು ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ ಕತ್ತರಿಸುವುದು ಬೇಡ. ಆ ಮೇಣದ ಪೀಕ್‌ಗಳು (ಇನ್‌ಫ್ರಾರೆಡ್ ಬೆಳಕನ್ನು ಅದು ಹೆಚ್ಚು ಹೀರಿಕೊಳ್ಳುವ ಜಾಗಗಳು) ಚರ್ಮದ ಕೊಬ್ಬಿನ ಪೀಕ್‌ಗಳ ಮೇಲೇ ಬಂದು ಕೂರುತ್ತವೆ, ಅದನ್ನು ತೆಗೆಯಲು ಹಾಕುವ ಜೈಲೀನ್ ನೀವು ನೋಡಬೇಕಾದ ಕೊಬ್ಬನ್ನೇ ತೊಳೆದುಬಿಡುತ್ತದೆ. ಕತ್ತರಿಸಿದ್ದನ್ನು ಕ್ಯಾಲ್ಸಿಯಂ ಫ್ಲೋರೈಡ್ ಬಿಲ್ಲೆಯ ಮೇಲಿಡಿ.

ಈಗ ತರಂಗಸಂಖ್ಯೆ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ತರಂಗಗಳು ಅನ್ನುವ ಲೆಕ್ಕ) 2850ರ ಹತ್ತಿರದ ಪೀಕ್ ನೋಡಿ, ಅದು ಕೊಬ್ಬಿನ ಕಾರ್ಬನ್-ಹೈಡ್ರೋಜನ್ ಬಂಧಗಳದ್ದು. ಕೊಬ್ಬಿನ ಸರಪಳಿಗಳು ನೆಟ್ಟಗೆ, ಒತ್ತೊತ್ತಾಗಿ ನಿಂತಿದ್ದರೆ ಅದು 2849-2850ರಲ್ಲಿ ಇರುತ್ತದೆ, ಸಡಿಲವಾದರೆ, ಅಂದರೆ ತಡೆಗೋಡೆ ದುರ್ಬಲವಾದರೆ, 2852-2854ರ ಕಡೆ ಜರುಗುತ್ತದೆ. ಎರಡರಿಂದ ಐದರಷ್ಟು ವ್ಯತ್ಯಾಸ ಅಷ್ಟೇ, ಆದರೆ ನನಗೆ ಅತಿ ಇಷ್ಟವಾದ ಭಾಗ ಇದೇ.

ಔಷಧ ಒಳಗಿಳಿಯಲು ದಾರಿ ಮಾಡುವ ಓಲಿಯಿಕ್ ಆಮ್ಲ ಹಚ್ಚುತ್ತೀರಿ ಅನ್ನಿ. ಅದರಲ್ಲೂ ಅದೇ ಬಂಧಗಳಿವೆ ಅಲ್ವಾ? ಹಾಗಾಗಿ ಹೈಡ್ರೋಜನ್ ಬದಲು ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಇರುವ ಓಲಿಯಿಕ್ ಆಮ್ಲವನ್ನೇ ಬಳಸಿ. ಅದರ ಪೀಕ್ 2100-2200ರ ಆಸುಪಾಸಿನಲ್ಲಿ, ಹೆಚ್ಚುಕಡಿಮೆ ಖಾಲಿ ಜಾಗದಲ್ಲಿ ಬೇರೆಯಾಗಿ ಕಾಣುತ್ತದೆ.

ಚರ್ಮದ ಹೊರಪದರವೇ ಸುಮಾರು 10-20 ಮೈಕ್ರಾನ್. ಪಿಕ್ಸೆಲ್ 6 ಮೈಕ್ರಾನ್ ಇದ್ದರೆ ನಿಮಗೆ ಸಿಗುವುದು ಎರಡು ಮೂರು ಪಿಕ್ಸೆಲ್ ಮಾತ್ರ, ಜಾಸ್ತಿ ಹೇಳಿಕೊಳ್ಳಬೇಡಿ. ಏನೂ ಹಚ್ಚದ ಅದೇ ಚರ್ಮದ ತುಂಡನ್ನು ಅದೇ ಉಷ್ಣತೆಯಲ್ಲಿ ತಪ್ಪದೇ ಅಳೆಯಿರಿ, ಯಾಕಂದ್ರೆ ಬಿಸಿ ಏರಿದರೂ ಆ ಪೀಕ್ ಜರುಗುತ್ತದೆ.