ಗೋವಿನಜೋಳ ತಿನ್ನೋರು ಯಾರು? ನಾನು ಲೆಕ್ಕ ಹಾಕಿದ ಬಗೆ

ಹೋದ ಸುಗ್ಗಿಯಲ್ಲಿ ಗೋವಿನಜೋಳದ, ಅಂದರೆ ಮೆಕ್ಕೆಜೋಳದ, ಕೊನೇ ಚೀಲ ಲಾರಿಗೆ ಹೇರಿ ಕಳಿಸಿದ ಮೇಲೆ ಅಪ್ಪ ಕಟ್ಟೆ ಮೇಲೆ ಕೂತು ಕೇಳಿದರು: "ಇಷ್ಟು ಬೆಳಿತೀವಲ್ಲ ಯವ್ವಾ, ಇದನ್ನ ತಿನ್ನಾವ್ರು ಯಾರು?"

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು. ಊರು ರಾಣೆಬೆನ್ನೂರಿನ ಕಡೆ. ಆದರೂ ಉತ್ತರ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಉಣ್ಣುವುದು ಬಿಳಿಜೋಳದ ರೊಟ್ಟಿ. ಗೋವಿನಜೋಳ ಬಾಯಿಗೆ ಬೀಳುವುದು ಹಸಿ ತೆನೆ ಸುಟ್ಟಾಗ ಮಾತ್ರ. ಒಣಗಿದ ಕಾಳಲ್ಲಿ ಒಂದು ಚೀಲ ಕೋಳಿಗೆ ಅಂತ ಇಟ್ಟುಕೊಂಡು ಉಳಿದದ್ದೆಲ್ಲ ಮಾರುತ್ತೇವೆ. ಹಾಗಾದರೆ ದೇಶದಲ್ಲಿ ಮನುಷ್ಯರ ಹೊಟ್ಟೆಗೆ ಎಷ್ಟು ಹೋಗುತ್ತದೆ? ಮೊದಲಿಗಿಂತ ಜಾಸ್ತಿಯಾ, ಕಡಿಮೆಯಾ? ರಜೆಯಲ್ಲಿ ಇದೇ ಲೆಕ್ಕ ಹಿಡಿದು ಕೂತೆ.

ಮೊದಲು ಸುಲಭದ ಭಾಗ ಮಾಡಿದೆ, ತಲೆಗೆ ಎಷ್ಟು ಬೆಳೆದಿದ್ದೇವೆ ಅನ್ನುವುದು. 1960-61ರಲ್ಲಿ ಭಾರತ ಬೆಳೆದದ್ದು ಸುಮಾರು 41 ಲಕ್ಷ ಟನ್. 1961ರ ಜನಗಣತಿಯಲ್ಲಿ ನಾವು ಹತ್ತಿರ ಹತ್ತಿರ 44 ಕೋಟಿ ಜನ. ಭಾಗಿಸಿದರೆ ತಲೆಗೆ 9 ಕಿಲೋ ಚಿಲ್ಲರೆ. 2022-23ಕ್ಕೆ ಬಂದರೆ ಬೆಳೆ ಸುಮಾರು 380 ಲಕ್ಷ ಟನ್, ಜನ 140 ಕೋಟಿ ದಾಟಿದ್ದೇವೆ. ತಲೆಗೆ 27 ಕಿಲೋ. ಮೂರು ಪಟ್ಟು ಆಯ್ತಲ್ಲ ಅಂತ ಖುಷಿಯಾಯಿತು. 1957ರಲ್ಲಿ ಶುರುವಾದ ಅಖಿಲ ಭಾರತ ಮೆಕ್ಕೆಜೋಳ ಸಂಶೋಧನಾ ಯೋಜನೆ, 1961ರಲ್ಲಿ ಬಂದ ಗಂಗಾ, ರಂಜಿತ್, ಡೆಕ್ಕನ್ ಹೈಬ್ರಿಡ್‌ಗಳು, ಅವುಗಳ ಹಿಂದಿನ ದುಡಿಮೆ ಎಲ್ಲ ಈ ಅಂಕಿಯಲ್ಲಿದೆ.

ಆದರೆ ಬೆಳೆದದ್ದು ಬೇರೆ, ತಟ್ಟೆಗೆ ಬಂದದ್ದು ಬೇರೆ. ಅದಕ್ಕೆ ಬೇಕಾದದ್ದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದರೆ ಎಫ್‌ಎಒ, ಪ್ರತಿ ದೇಶಕ್ಕೂ ಮಾಡುವ ಆಹಾರ ಸಮತೋಲನ ಪಟ್ಟಿ. ಹೆಸರು ದೊಡ್ಡದು, ಒಳಗಿರುವುದು ನಮ್ಮ ಮನೆಯ ಜಮಾ-ಖರ್ಚಿನ ಪುಸ್ತಕವೇ. ಜಮಾ ಕಡೆ ಬೆಳೆದದ್ದು, ಆಮದು, ಹಳೇ ದಾಸ್ತಾನು. ಖರ್ಚಿನ ಕಡೆ ರಫ್ತು, ಕೋಳಿ-ದನಗಳ ಆಹಾರ, ಬಿತ್ತನೆ ಬೀಜ, ನಷ್ಟ, ಕಾರ್ಖಾನೆಗೆ ಹೋದದ್ದು. ಇದೆಲ್ಲ ಕಳೆದ ಮೇಲೆ ಜನರಿಗೆ ಸಿಕ್ಕಿದ್ದು ಎಷ್ಟು ಅನ್ನುವ ಒಂದು ಸಾಲು. ಅದನ್ನು ಜನಸಂಖ್ಯೆಯಿಂದ ಭಾಗಿಸಿದರೆ ತಲೆಗೆ ವರ್ಷಕ್ಕೆ ಇಷ್ಟು ಕಿಲೋ ಅಂತ ಬರುತ್ತದೆ. ನೆನಪಿಡಿ, ಅದು ಸಿಕ್ಕಿದ್ದು, ತಿಂದದ್ದಲ್ಲ. ಮನೆಯಲ್ಲಿ ಚೆಲ್ಲಿದ್ದೂ ಅದರಲ್ಲೇ ಸೇರಿದೆ.

ಇಲ್ಲೇ ನಾನು ಎಡವಿದೆ. 1961ರಿಂದ 2013ರ ತನಕ ಒಂದು ಕಡತ, 2010ರಿಂದ ಈಚೆಗೆ ಇನ್ನೊಂದು ಕಡತ. ಎರಡನ್ನೂ ಒಂದರ ಬಾಲಕ್ಕೆ ಒಂದು ಅಂಟಿಸಿ ಗೀಟು ಎಳೆದುಬಿಟ್ಟೆ. ಎರಡು ದಿನ ಆ ಗೀಟು ನೋಡಿಕೊಂಡು ಜನರ ಊಟವೇ ಬದಲಾಯಿತು ಅಂತ ತಿಳಿದಿದ್ದೆ. ಆಮೇಲೆ ಕಡತದ ಜೊತೆಗಿದ್ದ ವಿವರಣೆ ಓದಿದೆ. ಬದಲಾಗಿದ್ದು ಊಟ ಅಲ್ಲ, ಲೆಕ್ಕ ಹಾಕುವ ವಿಧಾನ. ಎರಡರಲ್ಲೂ ಇರುವ 2010ರಿಂದ 2013ರ ವರ್ಷಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಹಳೇ ಗೀಟನ್ನೂ ಹೊಸ ಗೀಟನ್ನೂ ಬೇರೆ ಬೇರೆ ಬಣ್ಣದಲ್ಲಿ ಎಳೆಯಬೇಕು, ಕೂಡಿಸಬಾರದು. ಈ ಕೆಲಸ ಮಾಡುವವರು ಯಾರಿದ್ದರೂ ದಯವಿಟ್ಟು ಇದೊಂದನ್ನು ಮರೆಯಬೇಡಿ.

ಇನ್ನೊಂದು ತೊಡಕು ಕೋಳಿ-ದನಗಳ ಸಾಲು. ಕೋಳಿ ಎಷ್ಟು ತಿಂತು ಅಂತ ಯಾರೂ ತೂಗಿ ಬರೆಯುವುದಿಲ್ಲ, ಅದು ಅಂದಾಜು. ಆ ಅಂದಾಜು ತಪ್ಪಿದರೆ ಜನರ ಪಾಲೂ ತಪ್ಪುತ್ತದೆ. ಅದಕ್ಕೇ ಒಂದು ಮೊಟ್ಟೆಯಿಂದ ಶುರು ಮಾಡಿ ಲೆಕ್ಕ ಹಾಕಿ ನೋಡಿದೆ. ಫಾರಂನಲ್ಲಿ ಮೊಟ್ಟೆ ಇಡುವ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಆಹಾರ ತಿನ್ನುತ್ತದೆ. ಅದರಲ್ಲಿ ಹೆಚ್ಚೂಕಡಿಮೆ ಅರ್ಧ ಗೋವಿನಜೋಳ. ಒಳ್ಳೆ ಕೋಳಿ ಹತ್ತಿರ ಹತ್ತಿರ ದಿನಕ್ಕೊಂದು ಮೊಟ್ಟೆ. ಅಂದರೆ ಒಂದು ಮೊಟ್ಟೆಯ ಹಿಂದೆ ಒಂದು ದೊಡ್ಡ ಹಿಡಿ ಕಾಳು, 55-60 ಗ್ರಾಂ. ನಾನು ತಕ್ಕಡಿ ತಂದು ಅಷ್ಟು ಕಾಳು ತೂಗಿ ಬಟ್ಟಲಿಗೆ ಹಾಕಿ, ಪಕ್ಕದಲ್ಲಿ ಮೊಟ್ಟೆ ಇಟ್ಟೆ. ಎರಡರ ತೂಕವೂ ಹೆಚ್ಚೂಕಡಿಮೆ ಒಂದೇ. ಅಪ್ಪ ಬಹಳ ಹೊತ್ತು ಅದನ್ನೇ ನೋಡಿದರು.

ಲುಧಿಯಾನದ ಭಾರತೀಯ ಮೆಕ್ಕೆಜೋಳ ಸಂಶೋಧನಾ ಸಂಸ್ಥೆ ಕೊಡುವ ಪಾಲು ಹೀಗಿದೆ: ಕೋಳಿ ಆಹಾರಕ್ಕೆ ಸುಮಾರು 47%, ದನಕರುಗಳಿಗೆ 13%, ಸ್ಟಾರ್ಚ್‌ಗೆ 14%, ನೇರ ಊಟಕ್ಕೆ 13%, ಸಂಸ್ಕರಿಸಿದ ತಿನಿಸಿಗೆ 7%. ಇದು ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಜೋರಾಗುವ ಮುಂಚಿನ ಹಂಚಿಕೆ. ನನ್ನ 27 ಕಿಲೋಗೆ ಇದನ್ನು ಹಚ್ಚಿದೆ. ನೇರ ಊಟಕ್ಕೆ ಮೂರೂವರೆ ಕಿಲೋ. ತಿನಿಸು ಸೇರಿಸಿದರೂ ಐದೂವರೆ ಕಿಲೋ ದಾಟಲಿಲ್ಲ. 1961ರಲ್ಲಿ ಇಂದಿನಂಥ ಕೋಳಿ ಫಾರಂ ಇರಲಿಲ್ಲ, ಬೆಳೆದ 9 ಕಿಲೋದಲ್ಲಿ ದೊಡ್ಡ ಪಾಲು ಜನರೇ ಉಣ್ಣುತ್ತಿದ್ದರು. ಬೆಳೆ ತಲೆಗೆ ಮೂರು ಪಟ್ಟು ಆದರೂ ತಟ್ಟೆಗೆ ಬರುವುದು ಏರಲಿಲ್ಲ, ಇಳಿಯಿತು ಅಂತಲೇ ನನ್ನ ತೀರ್ಮಾನ.

ಸರಾಸರಿ ಅನ್ನುವುದೂ ಇಲ್ಲಿ ಪೂರ್ತಿ ನಿಜ ಹೇಳುವುದಿಲ್ಲ. ಗುಜರಾತಿನ ದಾಹೋದ್, ಪಂಚಮಹಲ್, ಮಧ್ಯಪ್ರದೇಶದ ಝಾಬುವಾ, ದಕ್ಷಿಣ ರಾಜಸ್ಥಾನ, ಇಲ್ಲಿನ ಆದಿವಾಸಿ ಮನೆಗಳಲ್ಲಿ ದಿನದ ರೊಟ್ಟಿಯೇ ಬಿಳಿ ಮೆಕ್ಕೆಜೋಳದ್ದು. ನಮ್ಮ ಹಾವೇರಿ, ದಾವಣಗೆರೆ ಕಡೆ ಹಳದಿ ಕಾಳು, ಮಾರಾಟಕ್ಕೆ. ಒಂದೇ ಬೆಳೆ, ಒಬ್ಬರಿಗೆ ಅನ್ನ, ಇನ್ನೊಬ್ಬರಿಗೆ ರೊಕ್ಕ. ಐದು ಕಿಲೋ ಅನ್ನುವ ಸರಾಸರಿ ಇಬ್ಬರ ಮನೆಗೂ ಹೊಂದುವುದಿಲ್ಲ. ಮಲಾವಿ, ಮೆಕ್ಸಿಕೋದಂಥ ದೇಶಗಳಲ್ಲಿ ಇದೇ ಅಂಕಿ ವರ್ಷಕ್ಕೆ 100 ಕಿಲೋ ದಾಟುತ್ತದೆ. ಅಲ್ಲಿ ಮೆಕ್ಕೆಜೋಳ ಕೆಟ್ಟರೆ ಊರೇ ಉಪವಾಸ. ನಮ್ಮಲ್ಲಿ ಕೆಟ್ಟರೆ ಬಹುಪಾಲು ಜನರಿಗೆ ಅದು ಗೊತ್ತಾಗುವುದು ಮೊಟ್ಟೆ, ಕೋಳಿಯ ದರದಲ್ಲಿ. ದಾಹೋದ್‌ನ ಮನೆಗೆ ಮಾತ್ರ ನೇರ ರೊಟ್ಟಿಯಲ್ಲಿ. ಆ ಮನೆಗಳು ಸರಾಸರಿಯಲ್ಲಿ ಮುಚ್ಚಿಹೋಗುವುದೇ ನನಗೆ ಜಾಸ್ತಿ ಸಂಕಟ.

ಈಗ ಖರ್ಚಿನ ಕಡೆ ಹೊಸ ಬಾಯಿ ಬಂದಿದೆ, ಎಥೆನಾಲ್. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ತಡೆ ಬಿತ್ತು, ಮರು ತಿಂಗಳೇ ಮೆಕ್ಕೆಜೋಳದ ಎಥೆನಾಲ್‌ಗೆ ದರ ಏರಿಸಿದರು. ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ಮ್ಯಾನ್ಮಾರ್, ಉಕ್ರೇನ್‌ನಿಂದ ತರಿಸಿಕೊಂಡಿತು. ಒಂದು ಟನ್ ಕಾಳಿಗೆ ಸುಮಾರು 380 ಲೀಟರ್ ಎಥೆನಾಲ್ ಬರುತ್ತದೆ. 40 ಲೀಟರ್ ಹಿಡಿಯುವ ಕಾರಿನ ಟ್ಯಾಂಕಿಗೆ 20% ಎಥೆನಾಲ್ ಬೆರೆಸಿದ ಪೆಟ್ರೋಲ್ ತುಂಬಿಸಿದರೆ ಅದರಲ್ಲಿ ಎಥೆನಾಲ್ 8 ಲೀಟರ್. ಅಷ್ಟೂ ಗೋವಿನಜೋಳದ್ದೇ ಆದರೆ 21 ಕಿಲೋ ಕಾಳು. ಒಬ್ಬರು ನಾಲ್ಕು ವರ್ಷ ತಿನ್ನುವಷ್ಟು ಒಂದು ಸಲ ಟ್ಯಾಂಕ್ ತುಂಬಿಸಿದರೆ ಮುಗಿಯಿತು. ಉಳಿದ ಹಿಂಡಿ ಮತ್ತೆ ಕೋಳಿ-ದನಗಳಿಗೆ ಬರುತ್ತದೆ ನಿಜ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಕೇಳಿ, "ಗಾಡಿಗೆ ಬೇಕಾದ್ರ ನಮಗ ದರ ಸಿಗಬೇಕಲ್ಲ ಯವ್ವಾ" ಅಂದರು. ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಅಂತ ಘೋಷಣೆ ಆಗಿದ್ದ 2025ರ ಸುಗ್ಗಿಯಲ್ಲೇ ನಮ್ಮ ಕಡೆ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಇಳಿದು ರೈತರು ಬೀದಿಗೆ ಬಂದಿದ್ದರು. ನನ್ನ ಪಟ್ಟಿಯಲ್ಲಿ ದರಕ್ಕೆ ಕಾಲಂ ಇರಲಿಲ್ಲ. ಅವತ್ತು ರಾತ್ರಿ ಒಂದು ಸೇರಿಸಿದೆ.